ಅಳಿಲಿಗೆ ಬಡಗಿಯ ಮದ್ದು

ರಾತ್ರಿ ಹತ್ತರ ಮೇಲೆ ಅಟ್ಟದಲ್ಲಿ ಪರಪರ ಸದ್ದಾದರೆ ಅಳಿಲನ್ನು ಬೈಯಬೇಡಿ. ಅದು ಇಲಿಯ ಕೆಲಸ. ನಮ್ಮ ಅಂಗಳದ ಅಳಿಲು ಹಗಲಿನ ಜೀವಿ. ಬೆಳಕು ಹರಿದ ಮೇಲೆ ಗೂಡು ಬಿಟ್ಟು, ಕತ್ತಲಾಗುವ ಮೊದಲೇ ಗೂಡು ಸೇರುವ ಶಿಸ್ತಿನದು. ಬೆಳಿಗ್ಗೆ ಸಜ್ಜೆಯ ಮೇಲೆ ಓಡಾಟ, ಮಧ್ಯಾಹ್ನ ಅಡುಗೆಮನೆಯ ಸೊಳ್ಳೆ ಜಾಲರಿಯಲ್ಲಿ ಹೊಸದೊಂದು ತೂತು, ಸಂಜೆ ಸಪೋಟ ಮರದ ಕೆಳಗೆ ಅರ್ಧ ತಿಂದು ಬಿಸಾಕಿದ ಹಣ್ಣು: ಇಷ್ಟಿದ್ದರೆ ಬಂದಿರುವುದು ಅಳಿಲೇ. ಈ ವ್ಯತ್ಯಾಸ ನೋಡದೆ ಇಲಿಯ ತಪ್ಪಿಗೆ ಅಳಿಲಿಗೆ ಶಿಕ್ಷೆಯಾಗುವುದು ಎಲ್ಲ ಬಡಾವಣೆಗಳಲ್ಲೂ ಇದೆ. ಶಿಕ್ಷೆ ಎಂದರೆ ಸಾಮಾನ್ಯವಾಗಿ ವಿಷ, ಇಲ್ಲವೇ ಅಂಟುಬಲೆ. ಎರಡನ್ನೂ ಬೇಡ ಎನ್ನಲು ದಯೆಯೊಂದೇ ಕಾರಣವಾಗಬೇಕಿಲ್ಲ. ಒಂದು ಅಳಿಲು ಸತ್ತರೆ ಅದೇ ಸಂದಿಗೆ ಇಂದಲ್ಲ ನಾಳೆ ಇನ್ನೊಂದು ಬರುತ್ತದೆ. ಸಂದಿ ಮುಚ್ಚಿದರೆ ಬರುವುದಿಲ್ಲ. ಅಳಿಲಿನ ಕಾಟಕ್ಕೆ ಮದ್ದಿರುವುದು ಔಷಧಿ ಅಂಗಡಿಯಲ್ಲಿ ಅಲ್ಲ, ಬಡಗಿಯ ಚೀಲದಲ್ಲಿ.

ಮೊದಲು ಈ ಪ್ರಾಣಿಯ ಪರಿಚಯ ಸ್ವಲ್ಪ ಇರಲಿ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಊರುಗಳಲ್ಲಿ ಕಾಣುವುದು ಬೆನ್ನ ಮೇಲೆ ಮೂರು ಬಿಳಿ ಗೆರೆಗಳ ಅಳಿಲು. ಉತ್ತರಕ್ಕೆ ಹೋದಂತೆ ಐದು ಗೆರೆಗಳದ್ದು ಹೆಚ್ಚು. ಶ್ರೀರಾಮ ಮೂರು ಬೆರಳಲ್ಲಿ ಬೆನ್ನು ಸವರಿದ ಕಥೆ ಸೇತುವೆಗೆ ಹತ್ತಿರವಿರುವ ನಮ್ಮ ಅಳಿಲಿಗೆ ಸರಿಯಾಗಿ ಹೊಂದುತ್ತದೆ, ಅಯೋಧ್ಯೆಯ ಕಡೆಯ ಅಳಿಲಿಗೆ ಇಡೀ ಹಸ್ತವೇ ಬೇಕಾಗುತ್ತಿತ್ತು. ಬೆಳೆದ ಅಳಿಲು ತೂಗುವುದು ಸುಮಾರು 100 ಗ್ರಾಂ. ಬಾಯಿಯ ಮುಂದಿನ ನಾಲ್ಕು ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಹಲ್ಲಿನ ಮುಂಭಾಗಕ್ಕೆ ಮಾತ್ರ ಗಟ್ಟಿ ಹೊದಿಕೆ, ಹಿಂಭಾಗ ಮೆತ್ತಗೆ. ಕಡಿದಷ್ಟೂ ಹಿಂಭಾಗ ಬೇಗ ಸವೆದು ಮುಂಭಾಗ ಉಳಿಯಂತೆ ಹರಿತವಾಗುತ್ತದೆ. ಕಡಿಯದಿದ್ದರೆ ಹಲ್ಲು ಬೆಳೆದು ಬಾಯಿಯನ್ನೇ ಮುಚ್ಚೀತು. ಹಾಗಾಗಿ ಸೋಲಾರ್ ಪೈಪಿನ ಹೊದಿಕೆಯನ್ನೋ ಇಂಟರ್ನೆಟ್ ಕೇಬಲನ್ನೋ ಅದು ಕಡಿದಾಗ ಹಟದ ಮಾತೇ ಇಲ್ಲ. ಮೆತ್ತನೆಯ ಪ್ಲಾಸ್ಟಿಕ್ ಎದುರಿಗಿದೆ, ಹಲ್ಲಿಗೆ ಕೆಲಸ ಬೇಕಾಗಿದೆ.

ನಮ್ಮ ಮನೆಗಳಿಗೆ ಅಳಿಲು ಬರುವುದು ಊಟಕ್ಕಿಂತ ಹೆಚ್ಚಾಗಿ ಬಾಣಂತನಕ್ಕೆ. ಹಿಂದೆ ಹಂಚಿನ ಮಾಡಿನ ಸಂದಿಯಲ್ಲೋ ತೆಂಗಿನ ಸುಳಿಯಲ್ಲೋ ಗೂಡು ಕಟ್ಟುತ್ತಿದ್ದದ್ದು ಈಗ ಎಸಿಯ ಹೊರಪೆಟ್ಟಿಗೆಯ ಹಿಂದೆ, ಮೀಟರ್ ಬೋರ್ಡಿನ ಮೇಲೆ, ಬಾಲ್ಕನಿಯ ಹಳೆ ಬಕೆಟ್ಟಿನಲ್ಲಿ, ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ತೂತಿನಲ್ಲಿ ಕಟ್ಟುತ್ತದೆ. ಪೊರಕೆಯ ಕಡ್ಡಿ, ತೆಂಗಿನ ನಾರು, ಒರೆಸುವ ಬಟ್ಟೆಯ ಎಳೆ, ಹಾಸಿಗೆಯ ಹತ್ತಿ, ಎಲ್ಲವೂ ಅದಕ್ಕೆ ಸಾಮಗ್ರಿ. ಬಾಲ್ಕನಿಯಲ್ಲಿ ಒಣಹಾಕಿದ ಕಾಲೊರಸಿನ ಅಂಚು ದಿನದಿನಕ್ಕೆ ಕರಗುತ್ತಿದ್ದರೆ ಹತ್ತಿರದಲ್ಲೇ ಗೂಡು ಏಳುತ್ತಿದೆ ಎಂದರ್ಥ. ತಡೆಯಲು ಅದೇ ಒಳ್ಳೆಯ ಸಮಯ. ಅರ್ಧ ಕಟ್ಟಿದ ಗೂಡನ್ನು ಬಿಡಿಸಿ ಜಾಗವನ್ನು ತೊಳೆದು ಬರಿದು ಮಾಡಿದರೆ ಅಳಿಲು ಒಂದೆರಡು ದಿನ ಕಿಚಕಿಚ ಬೈದು ಬೇರೆ ಕಡೆ ಹೋಗುತ್ತದೆ. ಅದಕ್ಕೆ ನಷ್ಟವಾಗುವುದು ಒಂದಿಷ್ಟು ನಾರು ಮಾತ್ರ.

ಮರಿ ಹಾಕಿದ ಮೇಲೆ ಲೆಕ್ಕ ಬೇರೆ. ಬಸುರಿನ ಕಾಲ ಒಂದು ತಿಂಗಳಿಗಿಂತ ಸ್ವಲ್ಪ ಹೆಚ್ಚು. ಒಂದು ಸೂಲಿಗೆ ಎರಡೋ ಮೂರೋ ಮರಿ. ಹುಟ್ಟುವಾಗ ಮೈಮೇಲೆ ಕೂದಲಿಲ್ಲ, ಕಣ್ಣು ತೆರೆದಿರುವುದಿಲ್ಲ. ಹಾಲು ಬಿಡಲು ಹತ್ತು ವಾರ ಹಿಡಿಯುತ್ತದೆ. ನಮ್ಮ ಹವೆಯಲ್ಲಿ ಇಂಥ ತಿಂಗಳು ಮರಿ ಇರುವುದೇ ಇಲ್ಲ ಎಂದು ಧೈರ್ಯವಾಗಿ ಹೇಳುವಂತಿಲ್ಲ, ಆದ್ದರಿಂದ ಕ್ಯಾಲೆಂಡರ್ ನೋಡಿ ತೂತು ಮುಚ್ಚಬೇಡಿ. ಮರಿ ಒಳಗಿರುವಾಗ ಮುಚ್ಚಿದರೆ ತಾಯಿ ಹೊರಗೆ ನಿಂತು ಮರ, ಪ್ಲಾಸ್ಟರ್, ವೈರು ಎಲ್ಲವನ್ನೂ ಹಲ್ಲಿನಿಂದ ಸೀಳಲು ನೋಡುತ್ತದೆ. ಒಳಗಿನ ಮರಿ ಸತ್ತು, ನಾಲ್ಕನೇ ದಿನಕ್ಕೆ ಮನೆಯವರು ಮೂಗು ಮುಚ್ಚಿಕೊಂಡು ಎಸಿ ಮೆಕ್ಯಾನಿಕ್‌ಗೆ ಫೋನ್ ಮಾಡಬೇಕಾಗುತ್ತದೆ.

ಒಳಗೆ ಯಾರಾದರೂ ಇದ್ದಾರೆಯೇ ಎಂದು ತಿಳಿಯಲು ಸುಲಭದ ಉಪಾಯವಿದೆ. ಹಳೆ ಪತ್ರಿಕೆಯ ಹಾಳೆಯನ್ನು ಉಂಡೆ ಮಾಡಿ ತೂತಿನ ಬಾಯಿಗೆ ಸಡಿಲವಾಗಿ ತುರುಕಿ. ಅಳಿಲಿದ್ದರೆ ಮಾರನೇ ದಿನದ ಹೊತ್ತಿಗೆ ಅದನ್ನು ತಳ್ಳಿ ಬೀಳಿಸಿರುತ್ತದೆ. ಮೂರು ದಿನ ಬಿಸಿಲಿರುವಾಗಲೂ ಉಂಡೆ ಅಲುಗದಿದ್ದರೆ ಜಾಗ ಖಾಲಿ ಎಂದುಕೊಂಡು, ಟಾರ್ಚ್ ಬಿಟ್ಟು ನೋಡಿ, ಆಮೇಲೆ ಮುಚ್ಚಬಹುದು. ಉಂಡೆ ಬಿದ್ದಿದ್ದರೆ ತಾಳ್ಮೆ ಬೇಕು. ಕೆಲವು ವಾರ ಸದ್ದು ಸಹಿಸಿಕೊಂಡರೆ ಮರಿಗಳು ತಾವೇ ಹೊರಗೆ ಓಡಾಡತೊಡಗುತ್ತವೆ. ಅಷ್ಟು ಕಾಯಲಾಗದವರು ಗೂಡಿನ ಬಳಿ ಹಗಲಿಡೀ ರೇಡಿಯೊ ಹಾಕಿಟ್ಟು, ಬೆಳಕು ಬೀಳುವಂತೆ ಮಾಡಬಹುದು. ಗದ್ದಲ ಹೆಚ್ಚಾದಾಗ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಇನ್ನೊಂದು ಗೂಡಿಗೆ ಸಾಗಿಸುವುದುಂಟು. ಮರಿ ಇಲ್ಲದೆ ದೊಡ್ಡ ಅಳಿಲು ಮಾತ್ರ ಬಂದು ಹೋಗುತ್ತಿದ್ದರೆ ಒಮ್ಮುಖ ಬಾಗಿಲು ಸಾಕು: ತೂತಿನ ಹೊರಬದಿಗೆ ಮೇಲಿನ ಅಂಚಿನಲ್ಲಿ ಮಾತ್ರ ಸಿಕ್ಕಿಸಿದ ಒಂದು ಜಾಲರಿಯ ತುಂಡು, ಒಳಗಿನಿಂದ ತಳ್ಳಿದರೆ ಎದ್ದುಕೊಳ್ಳುತ್ತದೆ, ಹೊರಗಿನಿಂದ ತಳ್ಳಿದರೆ ಏಳುವುದಿಲ್ಲ.

ಗಾಳಿಗೆ ಮರಿ ಕೆಳಗೆ ಬಿದ್ದರೆ ಅದನ್ನು ಸಾಕಲು ಹೊರಡಬೇಡಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಆದರೆ ತಾಯಿ ಅಳಿಲು ಅಷ್ಟು ಮಡಿವಂತೆಯಲ್ಲ. ಮರಿಯನ್ನು ಬಟ್ಟೆ ಹಾಸಿದ ಸಣ್ಣ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಬೆಕ್ಕಿಗೆ ಎಟುಕದಂತೆ ಬಿದ್ದ ಜಾಗದ ಹತ್ತಿರವೇ ಎತ್ತರದಲ್ಲಿ ಇಟ್ಟು ದೂರ ಸರಿದರೆ ತಾಯಿ ಬಂದು ಕೊಂಡೊಯ್ಯುವ ಸಾಧ್ಯತೆ ಚೆನ್ನಾಗಿದೆ. ಹಸುವಿನ ಹಾಲು ಕುಡಿಸಬೇಡಿ, ಅದರ ಹೊಟ್ಟೆಗೆ ಆಗುವುದಿಲ್ಲ. ಕತ್ತಲಾದರೂ ತಾಯಿ ಬರದಿದ್ದರೆ ಮರಿಯನ್ನು ಬೆಚ್ಚಗಿಟ್ಟು ಹತ್ತಿರದ ವನ್ಯಜೀವಿ ಆರೈಕೆ ಕೇಂದ್ರಕ್ಕೆ ತಲುಪಿಸಿ. ಬೆಂಗಳೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇಂಥ ಮರಿಗಳನ್ನು ನೋಡಿಕೊಳ್ಳುತ್ತದೆ.

ಇನ್ನು ಮುಚ್ಚುವ ಕೆಲಸ. ಹೆಚ್ಚಿನವರು ಸೋಲುವುದು ಇಲ್ಲೇ. ಥರ್ಮಾಕೋಲ್, ಸ್ಪಂಜು, ಹಳೆ ಬಟ್ಟೆ, ಡಬ್ಬಿಯಿಂದ ಚಿಮ್ಮಿಸುವ ಹಳದಿ ನೊರೆ, ಇವೆಲ್ಲ ಅಳಿಲಿಗೆ ಹೊಸ ಗೂಡಿನ ಸಾಮಾನು. ಒಂದಂಗುಲದ ಸಂದಿ ಇದ್ದರೂ ಅದು ಮೈ ಹಿಂಡಿಕೊಂಡು ನುಸುಳೀತು. ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಇಂಚಿನ ಜಿಐ ವೆಲ್ಡ್ ಮೆಶ್ ಎಂದು ಕೇಳಿ ತಂದು, ತೂತಿಗಿಂತ ಎರಡು ಇಂಚು ಅಗಲವಾಗಿ ಕತ್ತರಿಸಿ, ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ. ಗೋಡೆಯ ತೂತಾದರೆ ಮೊದಲು ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ತುರುಕಿ ಮೇಲೆ ಸಿಮೆಂಟ್ ಮೆತ್ತಿ. ಅಡುಗೆಮನೆಯ ಕಿಟಕಿಗೆ ನೈಲಾನ್ ಅಥವಾ ಫೈಬರ್ ಜಾಲರಿ ಹಾಕಿಸಿದವರು ವರ್ಷಕ್ಕೊಮ್ಮೆ ಬದಲಿಸುತ್ತಲೇ ಇರುತ್ತಾರೆ. ಸ್ಟೇನ್‌ಲೆಸ್ ಸ್ಟೀಲಿನ ಜಾಲರಿ ದುಬಾರಿ, ಆದರೆ ಹಲ್ಲಿಗೆ ಜಗ್ಗುವುದಿಲ್ಲ. ಅಪಾರ್ಟ್‌ಮೆಂಟುಗಳಲ್ಲಿ ಕಟ್ಟುವ ಪಾರಿವಾಳದ ಬಲೆ ಅಳಿಲನ್ನು ತಡೆಯುತ್ತದೆ ಎಂದುಕೊಳ್ಳಬೇಡಿ. ಅದರ ಕಣ್ಣುಗಳ ಮೂಲಕ ಅಳಿಲು ಆರಾಮಾಗಿ ದಾಟುತ್ತದೆ, ದಾಟಲಾಗದಿದ್ದರೆ ಕಡಿಯುತ್ತದೆ, ಏರಲು ಏಣಿಯಾಗಿಯೂ ಬಳಸುತ್ತದೆ. ಬಲೆ ಸಡಿಲವಾಗಿದ್ದರೆ ಸಿಕ್ಕಿಹಾಕಿಕೊಂಡು ಒದ್ದಾಡುವುದೂ ಉಂಟು.

ಹಿಡಿದು ಬೇರೆಡೆ ಬಿಟ್ಟುಬರುವುದು ಅನೇಕರಿಗೆ ಸಭ್ಯ ಉಪಾಯವಾಗಿ ಕಾಣುತ್ತದೆ. ಇಲಿಬೋನಿನಲ್ಲಿ ಕಡಲೆಬೀಜ ಇಟ್ಟು ಹಿಡಿದು, ಭಾನುವಾರ ಸ್ಕೂಟರಿನಲ್ಲಿ ಕೆರೆಯ ಏರಿಗೆ ಒಯ್ದು ಬಿಟ್ಟು, ಪುಣ್ಯ ಕಟ್ಟಿಕೊಂಡ ಸಮಾಧಾನದಲ್ಲಿ ವಾಪಸಾಗುತ್ತಾರೆ. ಬಿಟ್ಟ ಮೇಲೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಮೇರಿಲ್ಯಾಂಡಿನಲ್ಲಿ ಕೆಲವರು ಬೂದು ಅಳಿಲುಗಳ ಮೇಲೆ ಕಣ್ಣಿಟ್ಟು ನೋಡಿದರು. 2004ರಲ್ಲಿ ಪ್ರಕಟವಾದ ಅಧ್ಯಯನವದು. ಊರಿನ ಮನೆಗಳ ನಡುವಿನಿಂದ ದೊಡ್ಡ ಕಾಡಿಗೆ ಸಾಗಿಸಿದ 38 ಅಳಿಲುಗಳಲ್ಲಿ ಶೇ 97ರಷ್ಟು 88 ದಿನಗಳೊಳಗೆ ಸತ್ತವು ಅಥವಾ ಬಿಟ್ಟ ಜಾಗದಿಂದ ಕಾಣೆಯಾದವು. ನಮ್ಮ ಅಳಿಲು ಬೇರೆ ಜಾತಿಯದು ನಿಜ. ಆದರೂ ಗೊತ್ತಿಲ್ಲದ ಮರ, ಅಲ್ಲಿನ ಹಳೆ ಅಳಿಲುಗಳ ಹೊಡೆತ, ಅಡಗಲು ಜಾಗವಿಲ್ಲದೆ ಶಿಕ್ರ ಹಕ್ಕಿಗೋ ಕೇರೆಹಾವಿಗೋ ಸಿಗುವ ಪಾಡು ಇದಕ್ಕೂ ತಪ್ಪಿದ್ದಲ್ಲ. ಬೋನಿಗೆ ಬಿದ್ದದ್ದು ಹಾಲೂಡುವ ತಾಯಿಯಾಗಿದ್ದರೆ ಗೂಡಿನಲ್ಲಿ ಉಳಿದ ಮರಿಗಳ ಗತಿ ಹೇಳಬೇಕಾಗಿಲ್ಲ.

ಅಂಟುಬಲೆಯ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಅದರಲ್ಲಿ ಸಿಕ್ಕ ಪ್ರಾಣಿ ಚರ್ಮ ಕಿತ್ತುಕೊಂಡು, ಹಸಿವು ಬಾಯಾರಿಕೆಯಿಂದ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಹಲ್ಲಿ, ಗುಬ್ಬಿಗಳೂ ಸಿಕ್ಕಿಕೊಳ್ಳುತ್ತವೆ. ಇಂಥ ಬಲೆಗಳ ತಯಾರಿ, ಮಾರಾಟ ತಡೆಯುವಂತೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ರಾಜ್ಯಗಳಿಗೆ ಸೂಚಿಸಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿ ಎಂದರೆ ಮನುಷ್ಯನ ಹೊರತಾದ ಯಾವುದೇ ಜೀವಿ. ಅಳಿಲೂ ಅದರಲ್ಲಿ ಬಂತು. ಇಲಿ ಪಾಷಾಣದ ವಿಷಯವೂ ಇಷ್ಟೇ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವನ್ನು ತಿಂದ ಅಳಿಲು ಸಾಯಲು ದಿನಗಳು ಬೇಕು. ಆ ಹೊತ್ತಿಗೆ ಅದನ್ನು ಹಿಡಿದು ತಿಂದ ಬೆಕ್ಕಿಗೆ, ಕಣಜಗೂಬೆಗೆ, ಶಿಕ್ರಕ್ಕೆ ಆ ವಿಷ ದಾಟುತ್ತದೆ. ಇಲಿ ಹಿಡಿಯುವ ಗೂಬೆಯನ್ನು ಕಳೆದುಕೊಂಡು ಇಲಿಗೆ ಇನ್ನಷ್ಟು ವಿಷ ತರುವ ವ್ಯವಹಾರ ಇದು.

ತೋಟಕ್ಕೆ ಬಂದರೆ ಕೆಲಸ ಇನ್ನೂ ಕುತೂಹಲದ್ದು. ಅಲ್ಲಿ ಮುಚ್ಚಲು ತೂತಿಲ್ಲ, ಆಕಾಶವೇ ತೆರೆದಿದೆ. ಅಲ್ಲಿ ನಮಗೆ ಒದಗುವುದು ಗಡಿಯಾರ. ಅಳಿಲಿಗೆ ಬೇಕಾದ್ದು ಮಾಗುತ್ತಿರುವ ಹಣ್ಣು. ನಮಗೆ ಬೇಕಾದ್ದೂ ಅದೇ. ಸಪೋಟ, ಸೀಬೆ, ಮಾವು, ಬಾಳೆ ಕಿತ್ತ ಮೇಲೂ ಹಣ್ಣಾಗುವ ಜಾತಿಯವು. ಮರದಲ್ಲೇ ಮೆತ್ತಗಾಗಲೆಂದು ಕಾದರೆ ಅಳಿಲಿಗೂ ಬಾವಲಿಗೂ ನಾವೇ ಎಲೆ ಹಾಕಿದಂತೆ. ಸಪೋಟ ಬಲಿತಿದೆಯೇ ಎಂದು ತಿಳಿಯಲು ಉಗುರಿನಿಂದ ಸಿಪ್ಪೆಯನ್ನು ಗೀಚಿ ನೋಡುವ ಹಳೇ ರೂಢಿ ಸರಿಯಾಗಿದೆ: ಗೀಚಿದ ಕಡೆ ಹಸಿರು ಕಂಡರೆ ಇನ್ನೂ ಎಳಸು, ಹಳದಿಯಾಗಿದ್ದು ಹಾಲು ಕಡಿಮೆ ಬಂದರೆ ಕೀಳಬಹುದು. ಕಿತ್ತು ಹುಲ್ಲಿನಲ್ಲೋ ಅಕ್ಕಿಯಲ್ಲೋ ಇಟ್ಟರೆ ಕೆಲವು ದಿನಗಳಲ್ಲಿ ಹಣ್ಣು. ದಾಳಿಂಬೆ, ದ್ರಾಕ್ಷಿಗೆ ಈ ಸೌಲಭ್ಯವಿಲ್ಲ, ಅವು ಗಿಡದಲ್ಲೇ ಪಕ್ವವಾಗಬೇಕು. ಅವಕ್ಕೆ ಚೀಲ ಕಟ್ಟಬೇಕು. ಕೊಳೆರೋಗ ತಡೆಯಲು ಮಲೆನಾಡಿನವರು ಅಡಿಕೆ ಕೊನೆಗೆ ಕೊಟ್ಟೆ ಕಟ್ಟುತ್ತಾರಲ್ಲ, ಉದ್ದೇಶ ಬೇರೆ, ಕೈಚಳಕ ಅದೇ. ಕಾಗದದ ಚೀಲ ಹಣ್ಣುನೊಣಕ್ಕೆ ಸಾಕು, ಅಳಿಲಿಗೆ ಸಾಲದು. ಮನೆಮುಂದಿನ ಹತ್ತಾರು ಹಣ್ಣಿಗಾದರೆ ವೆಲ್ಡ್ ಮೆಶ್ಶನ್ನೇ ಸುರುಳಿ ಸುತ್ತಿ ಪುಟ್ಟ ಪಂಜರ ಮಾಡಿ ತೊಡಿಸಬಹುದು. ಒಮ್ಮೆ ಮಾಡಿದರೆ ವರ್ಷಗಟ್ಟಲೆ ಬರುತ್ತದೆ.

ಇದೇ ಗಡಿಯಾರದ ನ್ಯಾಯ ಕೊಕ್ಕೊ ತೋಟಕ್ಕೂ ಸಲ್ಲುತ್ತದೆ. ಪುತ್ತೂರು, ವಿಟ್ಲ, ಸುಳ್ಯದ ಕಡೆ ಅಡಿಕೆಯ ನೆರಳಲ್ಲಿ ಕೊಕ್ಕೊ ಬೆಳೆದಿದೆ. ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದದ್ದು 1986ರಲ್ಲಿ. ಅಲ್ಲಿನ ಬೆಳೆಗಾರರಿಗೆ ಕೋಡು ಕಡಿದದ್ದು ಯಾರೆಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ತೊಟ್ಟಿನ ಹತ್ತಿರ ತೂತಾಗಿದ್ದರೆ ಇಲಿ, ಹೊಟ್ಟೆಯ ನಡುವೆ ತೂತಾಗಿದ್ದರೆ ಅಳಿಲು. ಇಲಿ ಎಳೆಕಾಯನ್ನೂ ಬಿಡುವುದಿಲ್ಲ, ಅಳಿಲು ಹೆಚ್ಚಾಗಿ ಬಲಿತದ್ದನ್ನೇ ಆರಿಸುತ್ತದೆ. ಹಾಗಾಗಿ ಬಲಿತ ಕೋಡನ್ನು ಮರದಲ್ಲಿ ಬಿಡದೆ ಬೇಗ ಬೇಗ ಕೊಯ್ಯುವುದೇ ದೊಡ್ಡ ರಕ್ಷಣೆ. ಕೊಯ್ಲಿಗೆ ಆಳು ಸಿಗದ ವಾರವೇ ಅಳಿಲಿನ ಹಬ್ಬ.

ಮೆಣಸಿನಪುಡಿಯ ಉಪಾಯವನ್ನು ಎಲ್ಲರೂ ಹೇಳುತ್ತಾರೆ, ಅದರ ಹಿಂದಿನ ಕಾರಣ ಸೊಗಸಾಗಿದೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನಮ್ಮ ನರಗಳಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಿಯನ್ನೇ ಕೆಣಕುತ್ತದೆ. ಅದಕ್ಕೇ ಖಾರ ತಿಂದರೆ ಬಾಯಿ ಸುಡುತ್ತದೆ. ಈ ಗ್ರಾಹಿಯನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹಕ್ಕಿಗಳಲ್ಲಿ ಅದೇ ಗ್ರಾಹಿ ಇದ್ದರೂ ಕ್ಯಾಪ್ಸೈಸಿನ್‌ಗೆ ಸ್ಪಂದಿಸುವುದಿಲ್ಲ. ಹಕ್ಕಿಗೆ ಇಟ್ಟ ಕಾಳಿಗೆ ಖಾರ ಬೆರೆಸಿದರೆ ಗಿಳಿ ನಿಶ್ಚಿಂತೆಯಿಂದ ತಿನ್ನುತ್ತದೆ, ಅಳಿಲು ಮೂತಿ ಒರೆಸಿಕೊಂಡು ಓಡುತ್ತದೆ. ಅಂದಹಾಗೆ ಬ್ಯಾಡಗಿ ಮೆಣಸಿನಕಾಯಿ ಇಲ್ಲಿ ದಂಡ. ಅದು ಬಣ್ಣಕ್ಕೆ ಹೆಸರಾದದ್ದು, ಖಾರಕ್ಕೆ ಗುಂಟೂರು ಬೇಕು. ಕಾಳಿಗೆ ಸ್ವಲ್ಪ ಎಣ್ಣೆ ಸವರಿ ಪುಡಿ ಅಂಟಿಸಿ. ಒಣಪುಡಿಯನ್ನು ಗಿಡದ ಮೇಲೆ ತೂರಬೇಡಿ, ಗಾಳಿಗೆ ಅಳಿಲಿನ ಕಣ್ಣಿಗೂ ನಿಮ್ಮ ಕಣ್ಣಿಗೂ ಬೀಳುತ್ತದೆ. ಮೆಣಸು ಬೆಳ್ಳುಳ್ಳಿ ಅರೆದು ಸೋಸಿದ ನೀರು ಸಿಂಪಡಿಸಿದರೆ ಒಂದು ಮಳೆ ಬರುವ ತನಕ ಪರವಾಗಿಲ್ಲ.

ಬೇಸಿಗೆಯಲ್ಲಿ ಅಳಿಲು ಕಡಿಯುವ ಎಷ್ಟೋ ವಸ್ತುಗಳ ಹಿಂದೆ ಬಾಯಾರಿಕೆಯಿದೆ. ಬಯಲುಸೀಮೆಯ ತೋಟಗಳಲ್ಲಿ ಡ್ರಿಪ್ ಪೈಪನ್ನು ಅಳಿಲು ತೂತು ಮಾಡಿ ನೀರು ಕುಡಿಯುವುದು ರೈತರಿಗೆ ಹಳೇ ತಲೆನೋವು. ಕೆಲವರು ಪೈಪನ್ನು ಮಣ್ಣಲ್ಲಿ ಹೂಳುತ್ತಾರೆ; ಇನ್ನು ಕೆಲವರು ಅಲ್ಲಲ್ಲಿ ತೆಂಗಿನ ಚಿಪ್ಪಿನಲ್ಲೋ ಮಣ್ಣಿನ ತಟ್ಟೆಯಲ್ಲೋ ನೀರಿಡುತ್ತಾರೆ. ಪೈಪ್ ತೇಪೆ ಹಾಕುವ ಖರ್ಚಿಗಿಂತ ಚಿಪ್ಪಿನ ನೀರು ಅಗ್ಗ. ತಾರಸಿ ತೋಟದ ಟೊಮೆಟೊಗೂ ಇದೇ ಮಾತು: ಏಪ್ರಿಲ್‌ನಲ್ಲಿ ಹಣ್ಣಿಗೊಂದೊಂದು ಕಚ್ಚು ಹಾಕಿ ಬಿಡುತ್ತಿದ್ದರೆ ಅದಕ್ಕೆ ಬೇಕಿರುವುದು ರಸ. ನೀರಿನ ಬಟ್ಟಲನ್ನು ಗಿಡಗಳಿಂದ ದೂರ, ತಾರಸಿಯ ಇನ್ನೊಂದು ಮೂಲೆಯಲ್ಲಿಡಿ, ಸೊಳ್ಳೆಯಾಗದಂತೆ ದಿನವೂ ಚೆಲ್ಲಿ ತುಂಬಿ.

ಒಂಟಿ ತೆಂಗಿನ ಮರಕ್ಕೆ ತಗಡಿನ ಪಟ್ಟಿ ಸುತ್ತುವುದು ಇಲಿಗೂ ಅಳಿಲಿಗೂ ಒಳ್ಳೆಯ ತಡೆ. ಆಳೆತ್ತರಕ್ಕಿಂತ ಮೇಲೆ ಒಂದೂವರೆ ಅಡಿ ಅಗಲದ ನುಣುಪಾದ ತಗಡು ಸುತ್ತಿದರೆ ಉಗುರಿಗೆ ಹಿಡಿತ ಸಿಗುವುದಿಲ್ಲ. ತೆಂಗಿನ ಕಾಂಡ ಮಾವಿನಂತೆ ವರ್ಷವರ್ಷ ದಪ್ಪವಾಗುವುದಿಲ್ಲ, ಹಾಗಾಗಿ ಪಟ್ಟಿ ಬಿಗಿಯಾಗಿ ಮರ ಕತ್ತರಿಸುವ ಭಯ ಕಡಿಮೆ. ಮಾವು, ಹಲಸಿಗೆ ಸುತ್ತುವುದಾದರೆ ಸ್ಪ್ರಿಂಗ್ ಹಾಕಿ ಸಡಿಲವಾಗಿರಲಿ. ಆದರೆ ಪಕ್ಕದ ಮರದ ಗರಿ ಇದರ ಗರಿಗೆ ತಾಗುತ್ತಿದ್ದರೆ ತಗಡು ಬರೀ ಅಲಂಕಾರ. ಮನೆಯ ಮಾಡಿಗೂ ಹಾಗೆಯೇ: ಕೊಂಬೆಯ ತುದಿ ಮಾಡಿನಿಂದ ಆರೆಂಟು ಅಡಿ ದೂರವಿರುವಂತೆ ಸವರಿಸಿ. ಮರ ಕಡಿಸುವ ನೆಪ ಇದಾಗದಿರಲಿ.

ಮಲೆನಾಡಿನ ಕೆಂದಳಿಲಿನ ಪ್ರಕರಣ ಇದಕ್ಕೆಲ್ಲ ಹೊರತು. ಒಂದೂವರೆ ಎರಡು ಕಿಲೋ ತೂಗುವ, ನೆಲಕ್ಕೆ ಅಪರೂಪಕ್ಕೆ ಇಳಿಯುವ ಅದು ಮರದಿಂದ ಮರಕ್ಕೆ ಹಾರಿ ಬಂದು ಎಳನೀರಿಗೆ ತೂತು ಕೊರೆಯುತ್ತದೆ. ಕಾಡಂಚಿನ ತೆಂಗು ಬೆಳೆಗಾರರ ನಷ್ಟ ಸುಳ್ಳಲ್ಲ, ಊರಲ್ಲಿ ಕುಳಿತು ಅವರಿಗೆ ಬುದ್ಧಿ ಹೇಳುವುದು ಸುಲಭ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ರಕ್ಷಿಸಿದೆ, ಹೊಡೆಯುವುದು ಅಪರಾಧ. ಬೇಲಿಯಂಚಿನ ಮರಗಳಿಗೂ ತೋಟದ ತೆಂಗಿಗೂ ನಡುವೆ ಕೊಂಬೆಯ ಸೇತುವೆ ಇಲ್ಲದಂತೆ ನೋಡಿಕೊಳ್ಳುವುದು, ಕಾಡಂಚಿನ ಸಾಲಿನ ಕಾಯನ್ನು ಮೊದಲು ಕೀಳುವುದು, ಇಷ್ಟು ಮಾತ್ರ ತೋಟದವರ ಕೈಯಲ್ಲಿದೆ.

ಅಂಗಡಿಯಲ್ಲಿ ಸಿಗುವ ಶ್ರವಣಾತೀತ ಸದ್ದಿನ ಯಂತ್ರಗಳಿಗೆ ದುಡ್ಡು ಹಾಕುವ ಮುನ್ನ ಯೋಚಿಸಿ. ತೆರೆದ ಜಾಗದಲ್ಲಿ ಆ ಸದ್ದು ದೂರ ಹೋಗುವುದಿಲ್ಲ, ಗೋಡೆ ದಾಟುವುದಿಲ್ಲ, ಪ್ರಾಣಿ ಬೇಗ ರೂಢಿ ಮಾಡಿಕೊಳ್ಳುತ್ತದೆ. ಪ್ಲಾಸ್ಟಿಕ್ ಗೂಬೆಯೂ ಕೆಲವು ದಿನ ಹೆದರಿಸಿ ಆಮೇಲೆ ಅಳಿಲಿಗೆ ಕೂರುವ ಪೀಠವಾಗುತ್ತದೆ. ನುಸಿಗುಳಿಗೆ ಬಟ್ಟೆಯ ಪೆಟ್ಟಿಗೆಗೆ ಇರುವುದು. ತೋಟದಲ್ಲಿ ಚೆಲ್ಲಿದರೆ ಮಗುವೋ ನಾಯಿಯೋ ಬಾಯಿಗೆ ಹಾಕಿಕೊಂಡೀತು. ಕುಂಡದಲ್ಲಿ ಬಿತ್ತಿದ ಕಾಳನ್ನು ಕೆದಕುತ್ತಿದ್ದರೆ ಮೊಳಕೆ ಎರಡೆಲೆ ಬಿಡುವ ತನಕ ಒಂದು ಜರಡಿ ಬೋರಲು ಹಾಕಿ, ಮೇಲೊಂದು ಕಲ್ಲಿಡಿ.

ಬರಿಗೈಯಲ್ಲಿ ಅಳಿಲು ಹಿಡಿಯಲು ಹೋಗಿ ಕಚ್ಚಿಸಿಕೊಂಡವರು ಗಾಬರಿಯಾಗಬೇಕಿಲ್ಲ. ಅಳಿಲು ಇಲಿಗಳಿಂದ ರೇಬಿಸ್ ಬರುವುದು ತೀರಾ ಅಪರೂಪ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ವೈದ್ಯರಿಗೆ ತೋರಿಸಿ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಅವರು ಹೇಳುತ್ತಾರೆ.

ಒಂದು ಮಹಡಿಯಲ್ಲಿ ಅಳಿಲಿಗೆ ದಿನಾ ಕಡಲೆಬೀಜ, ಇನ್ನೊಂದು ಮಹಡಿಯಲ್ಲಿ ಅದರ ಕಾಟದ ದೂರು; ಅಪಾರ್ಟ್‌ಮೆಂಟಿನ ವಾಟ್ಸ್ಆಪ್ ಗುಂಪಿನಲ್ಲಿ ಈ ಜಗಳ ಓದಲು ಚೆನ್ನಾಗಿರುತ್ತದೆ. “ಆಂಟಿ, ನೀವು ಹಾಕೋದಕ್ಕೇ ಅದು ನಮ್ಮನೆ ಜಾಲರಿ ಕಡಿಯೋದು” ಎಂದರೆ, “ಪಾಪ, ಮೂಕಪ್ರಾಣಿ ಕಣಮ್ಮ” ಎಂಬ ಉತ್ತರ. ಇಬ್ಬರದೂ ಅರ್ಧ ಸರಿ. ಊಟ ಸುಲಭವಾಗಿ ಸಿಗುವ ಗೋಡೆಯ ಸುತ್ತಲೇ ಅಳಿಲು ಗೂಡು ಹುಡುಕುತ್ತದೆ. ಹಾಕಲೇಬೇಕೆಂದಿದ್ದರೆ ಕಟ್ಟಡದಿಂದ ದೂರದ ಮರದ ಬುಡದಲ್ಲಿ, ಒಂದು ಹೊತ್ತಿಗೆ ತಿಂದು ಮುಗಿಸುವಷ್ಟು ಹಾಕಿ. ಉಳಿದದ್ದು ರಾತ್ರಿ ಇಲಿಗೆ ಹೋಗುತ್ತದೆ.

ಇದೆಲ್ಲಕ್ಕಿಂತ ಅಗ್ಗದ ಘಟ್ಟವೊಂದಿದೆ: ಮನೆ ಕಟ್ಟುವಾಗ. ಎಸಿಯ ತಾಮ್ರದ ಪೈಪಿಗೆಂದು ಕೊರೆದ ತೂತಿಗೆ ಮೆಕ್ಯಾನಿಕ್ ಒಂದು ತುಂಡು ಟೇಪ್ ಅಂಟಿಸಿ ಹೊರಟುಬಿಡುತ್ತಾನೆ. ಪ್ಲಂಬರ್ ಪೈಪ್ ಇಳಿಸಿದ ಡಕ್ಟಿನ ಮೇಲ್ಬಾಯಿ ತೆರೆದೇ ಇರುತ್ತದೆ. ಸಜ್ಜೆಯ ಮೂಲೆಯಲ್ಲಿ ಇಟ್ಟಿಗೆ ಕಟ್ಟುವವನು ಒಂದು ಗೂಡಿನಷ್ಟು ಜಾಗ ಬಿಟ್ಟಿರುತ್ತಾನೆ. ಅವರ ಕೂಲಿಯ ಕೊನೆಯ ಕಂತು ಕೊಡುವ ಮುಂಚೆ ಒಂದು ಸುತ್ತು ಹಾಕಿ, ಬೆರಳು ತೂರುವ ಸಂದಿಗಳನ್ನೆಲ್ಲ ತೋರಿಸಿ ಮುಚ್ಚಿಸಿಕೊಳ್ಳಿ. ಆಮೇಲೆ ಕರೆದರೆ ಅಷ್ಟು ಸಣ್ಣ ಕೆಲಸಕ್ಕೆ ಯಾರೂ ಬರುವುದಿಲ್ಲ.